ತೊಂಬತ್ತು ನಿಮಿಷಕ್ಕೊಂದು ಗಂಟು

ಮೊಡವೆ ಮಾತ್ರೆಯ ಚೀಟಿ ಹಿಡಿದು ಬಂದಳು ಸಫೂರಾ,
ಉಪ್ಪಳ ಪೇಟೆಯ ನನ್ನ ಔಷಧಿ ಅಂಗಡಿಗೆ, ಮಧ್ಯಾಹ್ನದ ಬಾಂಗಿನ ಹೊತ್ತಿಗೆ.
ಬರುವ ತಿಂಗಳು ನಿಕಾಹ್. ಅದಕ್ಕೇ ಅವಸರ.
ನಾನು ಕನ್ನಡದಲ್ಲಿ ಕೇಳಿದೆ, ಅವಳು ಬ್ಯಾರಿಯಲ್ಲಿ ಹೇಳಿದಳು,
ಬೆಲೆಯ ಮಾತು ಮಾತ್ರ ಇಬ್ಬರದೂ ಮಲಯಾಳ.

ಚೀಟಿ ಓದಿದ್ದೇ ಕೈ ನಿಂತಿತು.
ಎ ಜೀವಸತ್ವದ ಅಕ್ಕನ ಮಗಳು ಈ ಮಾತ್ರೆ.
ಮುಖ ತಿಳಿಯಾಗಿಸುತ್ತಾಳೆ, ಸುಳ್ಳಲ್ಲ.

ಕಾಸರಗೋಡಿನ ಕಾಲೇಜು, ಪ್ರಾಣಿಶಾಸ್ತ್ರದ ಲ್ಯಾಬು.
ಚಿಪ್ಪಿನಲ್ಲಿ ಉಗುರಗಲದ ಕಿಟಕಿ ಕೊರೆದು
"ನೋಡು, ಉಸಿರು ತಾಗಿಸಬೇಡ" ಎಂದಿದ್ದರು ಗೋಪಿನಾಥನ್ ಮಾಷ್.
ಎರಡು ದಿನದ ಕೋಳಿ.
ಹಳದಿಯ ಮೇಲೊಂದು ಹಾಲುಗೆರೆ,
ಗೆರೆಯ ಇಕ್ಕೆಲದಲ್ಲಿ ನುಚ್ಚಕ್ಕಿಯಂಥ ಗಂಟುಗಳು,
ಮುಂದೆ ಬೆನ್ನೆಲುಬಾಗುವವು.
ಒಂದು ಜೋಡಿ ಗಂಟಿಗೆ ತೊಂಬತ್ತು ನಿಮಿಷ:
ಕಾಸರಗೋಡಿನ ಬಸ್ಸು ಮಂಗಳೂರು ಮುಟ್ಟುವಷ್ಟು,
ತಲಪಾಡಿಯಲ್ಲಿ ತಡೆಯದಿದ್ದರೆ.

"ಬಾಲದ ಕಡೆಯಿಂದ ಬೆಳೆಸುವ ಸಂಕೇತ ಕೂಗುತ್ತದೆ: ಇನ್ನೂ, ಇನ್ನೂ.
ತಲೆಯ ಕಡೆಯಿಂದ ಎ ಹೇಳುತ್ತದೆ: ಆಯಿತು, ಇಲ್ಲಿ ಕೂತುಕೋ.
ಒಂದರ ದನಿ ಸೋತು ಇನ್ನೊಂದರದು ಕೇಳತೊಡಗುವಲ್ಲಿ
ಬೀಳುತ್ತದೆ ಗಂಟು."
ಮಾಷ್ ಮಲಯಾಳದಲ್ಲಿ ಹೇಳಿದ್ದು, ನಾನು ಕನ್ನಡದಲ್ಲಿ ಬರೆದುಕೊಂಡೆ.
ಪರೀಕ್ಷೆಯಲ್ಲಿ ಅಂಕ ಬರಲಿಲ್ಲ. ಅರ್ಥ ಬಂತು.
ಗಡಿಗೆ ಕಲ್ಲು ನೆಡಬೇಕೆಂದಿಲ್ಲ,
ಬಸ್ಸಿನೊಳಗೆ ಸೀಟಿಂದ ಸೀಟಿಗೆ ಮಾತು ತಿರುಗುತ್ತದಲ್ಲ, ಹಾಗೆ.

ಪಕ್ಕದ ಮೊಟ್ಟೆಗೆ ಎ ಒಂದು ಹನಿ ಹೆಚ್ಚು ಬಿಟ್ಟಿದ್ದರು.
ಅದರಲ್ಲಿ "ಇನ್ನೂ" ಬೇಗ ಅಡಗಿತ್ತು.
ಬಾಲದತ್ತ ಮೊಂಡಾಗಿ ನಿಂತ ಗೆರೆ.
ಮೇಣ ಸುರಿದು ಕಿಟಕಿ ಮುಚ್ಚಿದವಳು ನಾನೇ,
ಬೆರಳ ತುದಿಯಲ್ಲಿ ಆ ಬಿಸಿ ಬಹಳ ದಿನ ಇತ್ತು.

ಅದಕ್ಕೇ ಕೇಳಿದೆ, ಸಫೂರಾ, ಕೋಪ ಬೇಡ,
ಮದುವೆಯ ದಿನ ಡಾಕ್ಟರಿಗೆ ಹೇಳಿದ್ದೀಯಾ?
ಅವಳು ನೋಡಿದ್ದು ಗೋಡೆಯ ಕ್ಯಾಲೆಂಡರ್.
ಇದು ಬಸುರಿಗೆ ಕೂಡದು. ಬಿಟ್ಟಮೇಲೂ ತಿಂಗಳು ಕಾಯಬೇಕು.
ನಿನಗೆ ಸುದ್ದಿ ತಿಳಿಯುವ ಮೊದಲೇ
ಒಳಗೆ ಗಂಟು ಬೀಳತೊಡಗಿರಬಹುದು.

ಉಗುರು ಕಚ್ಚುತ್ತ ನಿಂತಳು. ಆಮೇಲೆ:
"ಹಾಗಾದರೆ ಸಿಹಿಗುಂಬಳ? ನುಗ್ಗೆಸೊಪ್ಪು?
ಅದರಲ್ಲೂ ಎ ಇದೆ ಅಂತ ಶಾಲೆಯಲ್ಲಿ ಹೇಳಿದ್ದಾರೆ."
ತಿನ್ನು ಮಾರಾಯ್ತಿ, ಬಟ್ಟಲು ತುಂಬ ತಿನ್ನು.
ಸೊಪ್ಪಿನದನ್ನು ಮೈ ಬೇಕಾದಷ್ಟೇ ಮುರಿದುಕೊಳ್ಳುತ್ತದೆ,
ದೊಡ್ಡ ನೋಟಿಗೆ ಚಿಲ್ಲರೆ ಮಾಡಿಸಿಕೊಂಡ ಹಾಗೆ.

ನಕ್ಕಳು. ಡಾಕ್ಟರನ್ನೇ ಇನ್ನೊಮ್ಮೆ ಕೇಳುತ್ತೇನೆಂದು
ಚೀಟಿ ಮಡಚಿ ಪರ್ಸಿಗೆ ಹಾಕಿಕೊಂಡಳು.
ಗಲ್ಲದ ಮೇಲೆ ಮೊಡವೆ ಹಾಗೇ ಇತ್ತು, ಕೆಂಪಗೆ,
ಮರುದಿನ ನಾನು ಬಾಗಿ ನೋಡಿದಾಗ
ಮೊದಲ ಮೊಟ್ಟೆಯಲ್ಲಿ ಮಿಡಿಯುತ್ತಿದ್ದ
ಆ ಚುಕ್ಕಿಯಷ್ಟೇ ದೊಡ್ಡದು.