ಚುಕ್ಕೆಗೆ ಲೆಕ್ಕವಿಲ್ಲ

ಇಬಾದಾನಿನ ಮೊಕೋಲಾ ದಿಬ್ಬದ ಕೆಳಗೆ
ಪಠ್ಯಪುಸ್ತಕದ ಕಂಪನಿ, ಮೂರು ಮಹಡಿ.
ನೆಲಮಾಳಿಗೆಯ ಅಚ್ಚಿನ ಯಂತ್ರ ಗುಜರಿಗೆ ಹೋದಮೇಲೆ
ಅಲ್ಲೀಗ ನಾನು, ಒಂದು ಸ್ಕ್ಯಾನರು, ಎರಡು ಫ್ಯಾನು,
ಕರೆಂಟು ಹೋದರೆ ಹಿತ್ತಿಲಲ್ಲಿ ಗುಡುಗುವ ಜನರೇಟರು.

ಮೂರನೇ ತರಗತಿಯ ಯೊರುಬಾ ವಾಚಕವನ್ನು
ಬೆನ್ನು ಕತ್ತರಿಸಿ, ಹಾಳೆ ಹಾಳೆ ಬಿಡಿಸಿ
ಗಾಜಿನ ಮೇಲೆ ಬೋರಲು ಮಲಗಿಸಿದೆ.
ನೂರಾ ಹನ್ನೆರಡು ಪುಟ, ಒಂದೂವರೆ ಗಂಟೆ.
ಸಾಹೇಬರು ಬೆನ್ನು ತಟ್ಟಿದರು.

ಯಂತ್ರಕ್ಕೆ ಅಕ್ಷರ ಗೊತ್ತು.
ಅಕ್ಷರದ ಹೊಟ್ಟೆಯಡಿ ಕೂತ ಚುಕ್ಕೆಯನ್ನು
ಧೂಳೆಂದು ಗುಡಿಸಿತು.
ತಲೆಯ ಮೇಲಿನ ಏರುಗೀಟು, ಇಳಿಗೀಟು
ಹಳೇ ಕಾಗದದ ಗೀರೆಂದು ಒರೆಸಿತು.
ನಮ್ಮಲ್ಲಿ ಒಕೊ ಅಂದರೆ ಗಂಡ.
ಕೊನೆಗೆ ದನಿ ಏರಿಸಿದರೆ ಗುದ್ದಲಿ,
ಇಳಿಸಿದರೆ ದೋಣಿ,
ಎರಡೂ ಕಡೆ ತಗ್ಗಿಸಿದರೆ ಈಟಿ.
ಗುಡಿಸಿದ ಮೇಲೆ ನಾಲ್ಕೂ ಒಂದೇ.

ಇಸೆಯಿನ್ ಊರಿನ ಶಾಲೆಯಲ್ಲಿ
ಟ್ಯಾಬು ಓದಿತಂತೆ, ಒಂದಿಷ್ಟೂ ತಡವರಿಸದೆ:
"ರೈತ ಬೆಳಗಾಗೆದ್ದು ಗಂಡನನ್ನು ಹೆಗಲಿಗೇರಿಸಿ ಹೊಲಕ್ಕೆ ಹೋದ.
ಗಂಡನಿಂದ ಗೆಣಸಿನ ದಿಣ್ಣೆ ಅಗೆದ.
ಸಂಜೆ ಗಂಡನನ್ನು ಹೊಳೆಯಲ್ಲಿ ತೊಳೆದು
ಮೂಲೆಗೆ ಒರಗಿಸಿಟ್ಟ."
ಮಕ್ಕಳು ಬೆಂಚಿನಿಂದ ಉರುಳಿ ನಕ್ಕವು.
ಮೇಷ್ಟ್ರು ಫೋನು ಮಾಡಿದರು. ಅವರು ನಗಲಿಲ್ಲ.

ಆಗ ತಿನುವಾದೆ ಅಮ್ಮನನ್ನು ಕರೆಸಿದೆವು.
ಎಪ್ಪತ್ತೊಂದು ವರ್ಷ, ದಾರ ಕಟ್ಟಿದ ಕನ್ನಡಕ.
ಪರದೇಶದಿಂದ ಬಂದ ಮೊಳೆಜೋಡಣೆಯ ಯಂತ್ರದಲ್ಲಿ
ನಮ್ಮ ಚುಕ್ಕೆಗೆ ಕೀಲಿಯೇ ಇರಲಿಲ್ಲವಾಗಿ
ಮೂವತ್ತು ವರ್ಷ ಫಿಲ್ಮಿನ ಹಾಳೆಗೆ ಕೂದಲೆಳೆಯ ಪೆನ್ನಿನಲ್ಲಿ
ಒಂದೊಂದೇ ಇಟ್ಟವಳು,
ಕೂಸಿಗೆ ದೃಷ್ಟಿಬೊಟ್ಟು ಇಡುವ ಹಾಗೆ.
ನನ್ನ ಕತೆಯೆಲ್ಲ ಕೇಳಿ, "ಆಗಲೂ ಹೀಗೇ" ಅಂದಳು.

ಟ್ಯಾಬು ಕೈಗೆ ಕೊಟ್ಟೆ.
ಚೀಲದಿಂದ ಬಾಲ್‌ಪೆನ್ನು ತೆಗೆದು
ಗಾಜಿನ ಮೇಲೇ ಇಟ್ಟಳು ಮೊದಲ ಚುಕ್ಕೆ.
ನಾನು ಅಯ್ಯಯ್ಯೋ ಅನ್ನುವಷ್ಟರಲ್ಲಿ ಪುಟ ಸರಿದು
ಚುಕ್ಕೆ ನಿಂತಲ್ಲೇ ನಿಂತು
ಇನ್ನಾರದೋ ಅಕ್ಷರದ ಪಾಲಾಯಿತು.

"ನಲವತ್ತಾರನೇ ಪುಟದಲ್ಲಿ ನಾನೂ ಒಂದು ಬಿಟ್ಟಿದ್ದೆ ಕಣೋ.
ಅಚ್ಚಾಗಿಹೋಗಿತ್ತು ಎಂಬತ್ತು ಸಾವಿರ.
ತಪ್ಪು ಒಪ್ಪೋಲೆ ಅಂಟಿಸಿದೆವು, ಮಕ್ಕಳು ಕಿತ್ತು ದೋಣಿ ಮಾಡಿದರು.
ಮರುಮುದ್ರಣಕ್ಕೆ ಐದು ವರ್ಷ ಕಾದೆ.
ಮೊನ್ನೆ ಡುಗ್ಬೆ ಸಂತೆಯಲ್ಲಿ ಗೆಣಸು ಮಾರುವವನು,
ತಲೆ ನರೆತಿದೆ,
ಆ ಒಂದು ಮಾತನ್ನು ನನ್ನ ತಪ್ಪಿನಂತೆಯೇ ಆಡಿದ.
ಗೊತ್ತಾಯಿತು, ನಮ್ಮ ಪುಸ್ತಕದ ಹುಡುಗ.
ಚೌಕಾಶಿ ಮಾಡದೆ ದುಡ್ಡು ಕೊಟ್ಟು ಬಂದೆ."

ಈಗ ತಪ್ಪಾದರೆ? ಕೇಳಿದಳು.
ರಾತ್ರಿ ತಿದ್ದಿದರೆ ಬೆಳಿಗ್ಗೆ ನಲವತ್ತು ಶಾಲೆಯಲ್ಲೂ ಸರಿ, ಅಂದೆ.
ತಪ್ಪಿತ್ತು ಅನ್ನುವುದು?
ಯಾರಿಗೂ ಗೊತ್ತಾಗುವುದಿಲ್ಲ ಅಮ್ಮಾ.
ಕನ್ನಡಕ ತೆಗೆದು ಸೆರಗಿನ ತುದಿಯಲ್ಲಿ
ಬಹಳ ಹೊತ್ತು ಒರೆಸಿದಳು.

ಒಂಬತ್ತು ದಿನ ಮೈಕಿಗೆ ಓದಿದಳು ಪೂರಾ ವಾಚಕ,
ಗುದ್ದಲಿಗೆ ಗಲ್ಲ ಎತ್ತಿ, ದೋಣಿಗೆ ಇಳಿಸಿ.
ಹರ್ಮಟ್ಟಾನ್ ಗಾಳಿ, ಕಿಟಕಿ ಸಂದಿನಲ್ಲಿ ಮರುಳುಗಾಡಿನ ಧೂಳು.
ಹತ್ತೊಂಬತ್ತನೇ ಪುಟದಲ್ಲಿ ಒಂದು ಕೆಮ್ಮು.
ಲೆಕ್ಕದವರು ಪದಕ್ಕಿಷ್ಟು ಎಂದು ಎಣಿಸಿ ಕೊಟ್ಟರು.
"ಚುಕ್ಕೆಗೆ?"
ಚುಕ್ಕೆಗೆ ಲೆಕ್ಕವಿಲ್ಲ.
"ಆಗಲೂ ಹೀಗೇ."

ಇಸೆಯಿನ್‌ನಿಂದ ಮೇಷ್ಟ್ರು ಮತ್ತೆ ಫೋನು ಮಾಡಿದ್ದಾರೆ.
ಒಂದು ಟ್ಯಾಬಿಗೆ ನಾಲ್ಕು ತಲೆ, ಪಾಠ ಬಾಯಿಗೆ ಬಂದಿದೆಯಂತೆ.
ಅಬಿಕೆ ಎಂಬ ಎಂಟು ವರ್ಷದ ಹುಡುಗಿ
ಗುದ್ದಲಿಯನ್ನು ಗುದ್ದಲಿಯಾಗಿಯೇ ಹೆಗಲಿಗೇರಿಸುತ್ತಾಳೆ,
ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು
ಮೆಲ್ಲಗೆ ಕೆಮ್ಮುತ್ತಾಳೆ.
ಕೂಡಲೇ ಇಡೀ ತರಗತಿ ಕೆಮ್ಮುತ್ತದೆ.

ಕತ್ತರಿಸಿ ಎಂದಿದ್ದಾರೆ ಮೇಷ್ಟ್ರು. ಒಂದು ಗುಂಡಿ, ಅರೆ ನಿಮಿಷ.
ಕರೆಂಟು ಇಲ್ಲ ಎಂದಿದ್ದೇನೆ ಸಾಹೇಬರಿಗೆ,
ತಲೆಯ ಮೇಲೆ ಎರಡೂ ಫ್ಯಾನು ತಿರುಗುತ್ತಿರುವಾಗ.