ಮೂವತ್ತೆರಡನೆಯ ದೋಣಿ

ಫಾರೋ ದ್ವೀಪ, ಕ್ಲಾಕ್ಸ್‌ವೀಕಿನ ಬಂದರು ಕಚೇರಿ, ಮಾರ್ಚಿ.
ಬಿರುಗಾಳಿಯ ಸುದ್ದಿಯನ್ನು ತೂರಿದ್ ಒಂದೇ ಸಾಲಿನಲ್ಲಿ ಬರೆದಳು:
ಕಳಿಸು, ಆಮೇಲೆ ದೋಣಿಗಳ ಹೆಸರು ಅಕಾರಾದಿಯಾಗಿ,
ನಡುನಡುವೆ ಅಲ್ಪವಿರಾಮ.
ಯಂತ್ರ ಹೇಳಿತು: ಸರಿ.

ಮೂರನೆಯ ದಿನ ಹಾನುಸ್ ಬಂದ.
ಬೂಟಿನೊಳಗೆ ಇನ್ನೂ ಕಡಲು ಕುಲುಕುತ್ತಿತ್ತು.
ಒಡೆದ ಕಿಟಕಿಯ ಗಾಜೊಂದನ್ನು ಮೇಜಿನ ಮೇಲಿಟ್ಟು
'ನನಗ್ಯಾರೂ ಹೇಳಲಿಲ್ಲ' ಅಂದ.
'ಕಳಿಸಿದ್ದೆನಲ್ಲ' ಅಂದಳು.
ಇಬ್ಬರದೂ ನಿಜ.

ಅವನ ದೋಣಿ ಎರ್ನ್, ಅಂದರೆ ಹದ್ದು.
ಅದರ ಮೊದಲಕ್ಷರ ಅವರ ವರ್ಣಮಾಲೆಯ ಕಟ್ಟಕಡೆಯದು,
ನಮ್ಮ ಳಕಾರದ ಹಾಗೆ ಸಾಲಿನ ತುದಿಯಲ್ಲಿ ನಿಂತದ್ದು.
ಳದಿಂದ ಶುರುವಾಗುವ ಪದ ನಮ್ಮಲ್ಲಿ ಒಂದೂ ಇಲ್ಲ;
ಕೊರತೆಯೆಂದು ಯಾರಿಗೂ ಅನ್ನಿಸಿಲ್ಲ.

ಕೈಪಿಡಿ ನಾನೂರ ಹನ್ನೆರಡು ಪುಟ.
ಓದಿದಳು ಪದಸೂಚಿ, ಅನುಬಂಧ,
ಮುದ್ರಕರ ವಿಳಾಸವನ್ನೂ ಬಿಡದೆ.
'ಕಳಿಸು' ಎಂಬುದರ ಕೆಳಗೆ ಇದ್ದದ್ದು ಇಷ್ಟೇ:
ಹೆಸರುಗಳ ಪಟ್ಟಿ ಕೊಡಬಹುದು.
ಪಟ್ಟಿಯೆಂದರೆ ಎಷ್ಟು?
ಉಪ್ಪು ಒಂದಿಷ್ಟು ಹಾಕು ಅಂದ ಹಾಗಾಯಿತು.

ರಾತ್ರಿ ಪ್ರಿಂಟರನ್ನೇ ಕಡಲು ಮಾಡಿಕೊಂಡು ಕೂತಳು.
ಹೆಸರು ಸಾಲದೆ ಅತ್ತೆಯದು ಬಂತು, ಕುರಿಗಳದು ಬಂತು,
ಕಡೆಗೆ ಸತ್ತುಹೋದ ನಾಯಿಯದು.
ಮೂವತ್ತು. ಸರಿ. ಬಂದವು ಮೂವತ್ತು.
ಮೂವತ್ತೊಂದು. ಸರಿ. ಮೂವತ್ತೊಂದೂ ಬಂದವು.
ಮೂವತ್ತೆರಡು.
ಸರಿ.
ನಾಯಿ ಬರಲಿಲ್ಲ.

ಆ ಭಾಷೆ ಕಟ್ಟಿದವರಲ್ಲೊಬ್ಬ ಪ್ರೆಬೆನ್,
ಈಗ ಓಡೆನ್ಸೆಯಲ್ಲಿ ಟೊಮೇಟೊ ಬೆಳೆಯುತ್ತಾನೆ.
ಫೋನಿನಲ್ಲಿ ನಕ್ಕ: 'ಐದು ಬಿಟ್‌ಗಳ ಜಾಗ, ಅಷ್ಟೇ ಉಳಿದಿತ್ತು.
ಅದಕ್ಕಿಂತ ಹೆಚ್ಚು ಯಾರಿಗೆ ಬೇಕಾದೀತು ಅಂದುಕೊಂಡೆವು.
ಬರೆದಿಡಬೇಕಿತ್ತು; ಅವತ್ತು ಶುಕ್ರವಾರ.'
ಸ್ವಲ್ಪ ಹೊತ್ತು ತಂತಿಯಲ್ಲಿ ಬರೀ ಗಾಳಿ.
ಆಮೇಲೆ ಕೇಳಿದ: 'ಅವನು ವಾಪಸು ಬಂದ, ಅಲ್ಲವೇ?'

ದೋಣಿಯ ಹೆಸರು ಬದಲಿಸು ಅಂದರು ಕೆಲವರು,
ಅ ಇಂದ ಶುರುವಾಗುವಂಥದ್ದು ಏನಾದರೂ.
ಹಾನುಸ್ ಉಗುಳು ನುಂಗಿ ಹೇಳಿದ:
'ಹದ್ದನ್ನು ಪಾರಿವಾಳ ಮಾಡುವುದಕ್ಕಿಂತ
ನಿಮ್ಮ ಪೆಟ್ಟಿಗೆಗೆ ಎಣಿಸಲು ಕಲಿಸಿ.'

ತೂರಿದ್ ಸಾಲನ್ನು ಎರಡು ಮಾಡಿದಳು.
ಎರಡನೆಯದರ ತಲೆಯಲ್ಲಿ ಎರ್ನ್.
ಕೈಪಿಡಿಯ ಅಂಚಿಗೆ ಪೆನ್ಸಿಲಿನಲ್ಲಿ ಬರೆದಳು:
ಮೂವತ್ತೊಂದು. ಅದರಾಚೆಯ 'ಸರಿ'ಯನ್ನು ನಂಬಬೇಡ.

ಹೊಸ ಹುಡುಗ ಬ್ರಾಂದುರ್ ಮೊನ್ನೆ ಕೇಳಿದ,
ಒಂದೇ ಸುದ್ದಿಗೆ ಎರಡು ಸಾಲು ಯಾಕೆ ಎಂದು.
ಅಂಚನ್ನು ತೋರಿಸಿದಳು. ಓದಿ, ತಲೆ ತುರಿಸಿಕೊಂಡ:
'ಹಾಗಾದರೆ ಇಂಥ ಸಾಲು ಎಷ್ಟಿರಬಹುದು?'

ಪೆನ್ಸಿಲು ಕೈಗೆತ್ತಿಕೊಂಡವಳು
ಕಿಟಕಿಯಾಚೆ ನೋಡುತ್ತ
ದೋಣಿಗಳನ್ನು ಮೊದಲಿನಿಂದ ಎಣಿಸತೊಡಗಿದಳು.