ಹನ್ನೊಂದು ಬೀಗದ ಕೈ

ಮನೆ ಒಂಬತ್ತು. ಬೀಗದ ಕೈ ಹನ್ನೊಂದು.
ಸೊಂಟದ ಕಬ್ಬಿಣದ ಬಳೆ
ಮಾರ್ಚಿ ಕಡೆಯ ವಾರ ಮಾತಾಡತೊಡಗುತ್ತದೆ:
ಬೇಥಾನ್ಯ, ಬೇತೇಲು, ಗಲಿಲಾಯ, ಕಾನಾ.
ಬಾಗಿಲ ಮೇಲಿನ ಹೆಸರನ್ನು ಗೆದ್ದಲು ತಿಂದು
ಕಾನಾ ಈಗ ಬರೀ ಕಾ.
ಕಾಗೆ ಮನೆ ಅನ್ನುತ್ತಾರೆ ಊರ ಹುಡುಗರು.

ಬಿದ್ದುಹೋದ ಎರಡರ ಕೈಗೂ
ಕೊಬ್ಬರಿ ಎಣ್ಣೆ ಹಚ್ಚುತ್ತೇನೆ.
ಯಾಕಮ್ಮ, ಕೇಳಿದರು ಸಭೆಯ ಲೆಕ್ಕದವರು.
ಗೋಡೆ ತಾನೇ ಬಿದ್ದದ್ದು, ಅಂದೆ.
ಅವರು ಬರೆದುಕೊಂಡರು: ಎಣ್ಣೆ, ಹನ್ನೆರಡು ರೂಪಾಯಿ.

ಅಪ್ಪ ಇಲ್ಲಿ ಅಡುಗೆಯವನು.
ಹೆಸರು ದೇವದಾನ, ಕೂಗುತ್ತಿದ್ದುದು ಬಟ್ಲರ್ ಎಂದು.
ಈಸ್ಟರ್ ಮರುದಿನ ಬರುತ್ತಿದ್ದರು
ಹಾಸನದಿಂದ, ಮೈಸೂರಿನಿಂದ, ತೋಟದ ಬಂಗಲೆಗಳಿಂದ,
ಟ್ರಂಕು, ಟೆನಿಸ್ ಬ್ಯಾಟು, ಕೆಮ್ಮುವ ಅಜ್ಜಿಯರು,
ಗಾಡಿಯಲ್ಲಿ ಮಲಗಿ ಬಂದ ಹಾರ್ಮೋನಿಯಂ,
ಬಾಣಂತಿಯ ಹಾಗೆ ಕಿವಿತನಕ ಹೊದ್ದು.

ದಂಡೆಯ ಹಲಗೆಯಲ್ಲಿ ನಿಯಮ:
ಇಸ್ಪೀಟಿಲ್ಲ. ಸಾರಾಯಿಯಿಲ್ಲ. ಭಾನುವಾರ ದೋಣಿಯಿಲ್ಲ.
ಕೆಲಸದವರು ಇಲ್ಲಿ ನೀರಿಗಿಳಿಯತಕ್ಕದ್ದಲ್ಲ.
ನನಗೆ ಹತ್ತಾದಾಗ ಯಾರೋ ಕೊನೆಯ ಸಾಲಿಗೆ ಬಣ್ಣ ಬಳಿದರು.
ಬಿಸಿಲಿಗೆ ಬಣ್ಣ ಸುಲಿದು
ಆಗಾಗ ಅದು ಇಣುಕುತ್ತದೆ.

ಕೆರೆಗೆ ಓದು ಬರುತ್ತಿರಲಿಲ್ಲ.
ಮುಳ್ಳಯ್ಯನಗಿರಿಯನ್ನು ತಲೆಕೆಳಗೆ ಹೊತ್ತು
ಮಧ್ಯಾಹ್ನದ ತನಕ ಅಲುಗದೆ ಕೂತಿರುತ್ತಿತ್ತು.
ಅದರ ನೀರಗಂಟಿ ಹಲಗಯ್ಯ,
ಹೆಗಲಲ್ಲಿ ಗುದ್ದಲಿ, ಕಿವಿಯಲ್ಲಿ ಅರ್ಧ ಬೀಡಿ.
ಮೇ ಎರಡನೇ ವಾರ ಮುಳುಗಿ
ತೂಬಿನ ಬಿರಡೆ ಎತ್ತಿದನೆಂದರೆ
ಕೆಳಗೆ ಸಸಿಮಡಿಗೆ ನೀರು,
ಮೇಲೆ ಈಜುವ ಮಕ್ಕಳಿಗೆ ಕೆಸರು.

ಸೋನ್ಸ್ ಅಯ್ಯನವರು ಛತ್ರಿ ಹಿಡಿದು ಏರಿಗೆ ಹೋದರು.
ಇನ್ನು ಹತ್ತು ದಿನ ತಡೆಯಪ್ಪ, ಮಕ್ಕಳು ಈಜಲಿ.
ಹಲಗಯ್ಯ ಗುದ್ದಲಿಯ ಮಣ್ಣು ಕೆರೆಯುತ್ತ ಅಂದ:
ಸಸಿಮಡಿಗೆ ರಜಾ ಇಲ್ಲ ಬುದ್ಧಿ.

ಆ ಭಾನುವಾರದ ಪ್ರಸಂಗ ಬೇತ್ಸಥಾ ಕೊಳ.
ದೂತ ಬಂದು ನೀರು ಕಲಕಿದಾಗ
ಮೊದಲು ಇಳಿದವನಿಗೆ ಗುಣ.
ಮೂವತ್ತೆಂಟು ವರ್ಷ ದಡದಲ್ಲಿ ಬಿದ್ದವನನ್ನು
ಇಳಿಸುವವರೇ ಇಲ್ಲ.
ಅಯ್ಯನವರ ದನಿ ಒದ್ದೆಯಾಯಿತು,
ಅಜ್ಜಿಯರು ಕೆಮ್ಮು ನುಂಗಿಕೊಂಡರು.
ಆಮೆನ್ ಆದ ಮೇಲೆ
ಕಿಟಕಿಯಾಚೆಯಿಂದ ಹಲಗಯ್ಯ ತಲೆ ಒಳಗಿಟ್ಟ:
ಆ ಕೊಳಕ್ಕೆ ತೂಬು ಯಾವ ಕಡೆಗಿತ್ತು ಸ್ವಾಮಿ?
ಕೆಳಗಡೆ ಗದ್ದೆ ಯಾರದು?

ಯಾರೂ ನಗಲಿಲ್ಲ.
ಅಡುಗೆಮನೆಯಲ್ಲಿ ಅಪ್ಪ ನಕ್ಕ,
ಮಸಿಬಟ್ಟೆ ಬಾಯಿಗೊತ್ತಿಕೊಂಡು.

ಸಂಜೆ ಅಯ್ಯನವರು ಮತ್ತೆ ಏರಿಗೆ, ಈ ಸಲ ಛತ್ರಿಯಿಲ್ಲದೆ.
ಏನು ಮಾತಾಯಿತೋ, ಕತ್ತಲಾದ ಮೇಲೆ ಬಂದರು
ಮೊಣಕಾಲ ತನಕ ಕೆಸರು ಮೆತ್ತಿಕೊಂಡು.
ಬೆಳಿಗ್ಗೆ ಹಲಗೆಯಲ್ಲಿ ಹೊಸ ಸಾಲು:
ತೂಬು ಎತ್ತುವ ಮುನ್ನ ಗಂಟೆ, ಒಂದೇ ಸಲ.
ಮಕ್ಕಳು ದಡ ಸೇರತಕ್ಕದ್ದು.
ಬಾರಿಸುವವನು ಹಲಗಯ್ಯ.

ಈಗ ಬರುವವರು ಎರಡು ದಿನಕ್ಕೆ, ಕಾರಿನಲ್ಲಿ.
ಕೆರೆಗೆ ಬೆನ್ನು ಮಾಡಿ ಫೋಟೊ ತೆಗೆದುಕೊಂಡು
ಗೀಸರ್ ಇದೆಯಾ ಎಂದು ಕೇಳುತ್ತಾರೆ.
ನೀರಿಗೆ ತಂತಿಬೇಲಿ,
ತೂಬಿಗೆ ತಿರುಗಿಸುವ ಚಕ್ರ, ಯಾರೂ ಮುಳುಗಬೇಕಿಲ್ಲ.
ಗಂಟೆಮನೆ ಒಂದು ಆಷಾಢದಲ್ಲಿ ಕುಸಿಯಿತು,
ಗಂಟೆ ಹಲಸಿನ ಮರಕ್ಕೆ ಹೋಯಿತು,
ಅದರ ನಾಲಿಗೆಯನ್ನು ಗುಜರಿಯವರು ಹೊತ್ತರು.

ಆದರೂ ಹಲಗಯ್ಯನ ಮೊಮ್ಮಗ,
ಪಂಚಾಯಿತಿ ದಿನಗೂಲಿ, ಮೊದಲು ನನ್ನ ಬಳಿ ಬರುತ್ತಾನೆ:
ದೊರ್ಕಮ್ಮಾ, ಗಂಟೆಮನೆ ಕೈ ಕೊಡಿ.
ಬಳೆಯಿಂದ ಬಿಡಿಸಿ ಕೊಡುತ್ತೇನೆ,
ಗೇಣುದ್ದದ್ದು, ಎಣ್ಣೆ ಕುಡಿದು ಕಪ್ಪಾದದ್ದು.
ಅದರಿಂದಲೇ ಗಂಟೆಗೆ ಹೊಡೆಯುತ್ತಾನೆ,
ಒಂದೇ ಸಲ.

ನೀರಲ್ಲಿ ಯಾವ ಮಗುವೂ ಇಲ್ಲ.
ಅಭ್ಯಾಸಕ್ಕೆ ಎಣಿಸುತ್ತೇನೆ.
ಆಮೇಲೆ ಬೇಲಿಯಲ್ಲಿ ನಾನೇ ಮಾಡಿಟ್ಟ ಸಂದಿನಲ್ಲಿ ನುಸಿದು
ಸೀರೆ ಎತ್ತಿಕಟ್ಟಿ ಇಳಿಯುತ್ತೇನೆ.
ತೂಬಿನ ಕಡೆಗೆ ನೀರು ಕದಲುತ್ತದೆ,
ಕಾಲಿನ ಸುತ್ತ ತಣ್ಣಗೆ ಎಳೆಯುತ್ತದೆ.
ಹಲಗೆಯ ಹಳೆಯ ಸಾಲು ಇಣುಕಿ ನೋಡುತ್ತದೆ.
ನೋಡಲಿ.